ಮಗಳು ಜನವರಿಯಲ್ಲಿ ಹಿಮದ ಬೆಟ್ಟಕ್ಕೆ ಹೊರಟಿದ್ದಾಳೆ: ಕಳಿಸಲೋ, ಬೇಡವೋ?

ಪ್ರಶ್ನೆ: ಸರ್, ನಾವು ಕಲಬುರಗಿಯವರು. ಮಗಳಿಗೆ 24 ವರ್ಷ, ಇಲ್ಲೇ ಬ್ಯಾಂಕಿನಾಗ ಕೆಲಸ ಮಾಡ್ತಾಳ. ಜನವರಿ ಮೂರನೇ ವಾರ ಗೆಳತಿಯರ ಜೋಡಿ ಉತ್ತರಾಖಂಡದ ಕೇದಾರಕಂಠ ಅನ್ನೋ ಹಿಮದ ಬೆಟ್ಟ ಹತ್ತಲಿಕ್ಕೆ ಹೊಂಟಾಳ. ಹತ್ತು ದಿನದ ರಜಾ, ಹೋಗಿ ಬರೋ ರೈಲು ಟಿಕೆಟ್ ಎಲ್ಲಾ ಆಗ್ಯಾವ. ಸಹಸ್ರತಾಲದಾಗ ನಮ್ಮ ರಾಜ್ಯದ ಮಂದಿ ತೀರಿಕೊಂಡಿದ್ದು ಟಿವಿಯಾಗ ನೋಡಿದಾಗಿಂದ ನನಗ ಧೈರ್ಯ ಇಲ್ಲ. ಆಕಿ ‘ಅದು ದೊಡ್ಡ ಟ್ರೆಕ್ ಪಪ್ಪಾ, ಇದು ಹೊಸಬರದ್ದು’ ಅಂತಾಳ. ಹಿಮಗಾಳಿ ಬಂದ್ರ ಖರೇನ ಏನಾಗ್ತದ? ಬ್ಯಾಡ ಅಂದ್ರ ಆಕಿಗಿ ಸಿಟ್ಟು, ಹೋಗು ಅಂದ್ರ ನಮಗ ನಿದ್ದಿ ಹತ್ತಂಗಿಲ್ಲ. ಏನ್ ಮಾಡ್ಲಿ?

ಉತ್ತರ: ಕಳಿಸಿರಿ. ಆದರೆ ಈಗ ತೆಗೆಸಿರುವ ಟಿಕೆಟಿನ ಮೇಲೆ ಬೇಡ. ಯಾಕೆಂದು ಹೇಳಬೇಕಾದರೆ ಸ್ವಲ್ಪ ದೂರದಿಂದ ಬರಬೇಕಾಗುತ್ತದೆ, ಬೇಸರಪಡಬೇಡಿ.

ನೀವು ನೆನಪಿಸಿದ ಸಹಸ್ರತಾಲದಿಂದಲೇ ಶುರು ಮಾಡುತ್ತೇನೆ. 2024ರ ಜೂನ್ ಮೊದಲ ವಾರದಲ್ಲಿ 22 ಜನರ ತಂಡವೊಂದು ಉತ್ತರಾಖಂಡದ ಆ ಎತ್ತರದ ಸರೋವರದ ಹತ್ತಿರ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು, 13 ಜನ ಬದುಕಿ ಬಂದರು. ವಾಯುಪಡೆಯ ಹೆಲಿಕಾಪ್ಟರ್‌ಗಳು ಹೋದವು, ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ನಲ್ಲೇ ಹೋಗಿ ನಿಂತರು. ಇದನ್ನೆಲ್ಲ ಟಿವಿಯಲ್ಲಿ ನೀವು ನೋಡಿದ್ದೀರಿ. ಟಿವಿಯವರು ಒತ್ತಿ ಹೇಳದ ಎರಡು ಸಂಗತಿ ಇವೆ. ಒಂದು, ಅದು ಜೂನ್ ತಿಂಗಳು. ಕಲಬುರಗಿಯಲ್ಲಿ ನಾವು ಮುಂಗಾರಿಗೆ ಕಾಯುತ್ತಿದ್ದ ಹೊತ್ತು. ಎರಡು, ಆ ತಂಡದಲ್ಲಿ ಹಿಮಾಲಯ ಕಂಡ ಅನುಭವಿಗಳಿದ್ದರು. ಅಂದ ಮೇಲೆ ‘ಇದು ಹೊಸಬರ ಟ್ರೆಕ್’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಟ್ರೆಕ್ ಕಂಪನಿಗಳು ಸುಲಭ, ಮಧ್ಯಮ, ಕಠಿಣ ಎಂದು ಹಾಕುವ ದರ್ಜೆ ದಾರಿಯ ದರ್ಜೆ. ಅದೂ ಆಕಾಶ ತಿಳಿಯಾಗಿರುವ ದಿನದ್ದು. ಮೊಣಕಾಲುದ್ದ ಹೊಸ ಹಿಮ ಬಿದ್ದು, ಗಾಳಿ ಎದ್ದು, ಹತ್ತು ಹೆಜ್ಜೆ ಮುಂದಿರುವವರು ಕಾಣದಂತಾದ ಮೇಲೆ ಸುಲಭದ ದಾರಿ ಅನ್ನುವುದೇ ಇರುವುದಿಲ್ಲ.

ಕೇದಾರಕಂಠದ ತುದಿ 3,810 ಮೀಟರ್. ಸಾಂಕ್ರಿ ಎಂಬ ಹಳ್ಳಿಯಿಂದ, ಅಂದರೆ ಸುಮಾರು 1,950 ಮೀಟರ್‌ನಿಂದ, ನಡಿಗೆ ಶುರುವಾಗುತ್ತದೆ. ನಮ್ಮ ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುತ್ತದೆ. ಹಾಗಾಗಿ ಬರೀ ಎತ್ತರದ ಲೆಕ್ಕಕ್ಕೇ ನಮಗಿಂತ 22 ಡಿಗ್ರಿ ಕಡಿಮೆ. ಉತ್ತರದ ಜನವರಿಯ ಚಳಿ ಅದರ ಮೇಲೆ. ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸಾಮಾನ್ಯ. ಇಷ್ಟನ್ನು ಒಳ್ಳೆಯ ಬಟ್ಟೆ ತಡೆಯುತ್ತದೆ. ಸಾವಿರಾರು ಹೊಸಬರು ಪ್ರತಿ ಚಳಿಗಾಲ ಹೋಗಿ, ಫೋಟೊ ತೆಗೆಸಿಕೊಂಡು, ಕ್ಷೇಮವಾಗಿ ಬರುತ್ತಾರೆ. ನಿಮ್ಮ ಮಗಳ ಮಾತೂ ಸುಳ್ಳಲ್ಲ.

ತೊಂದರೆ ಗಾಳಿಯಿಂದ. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವಾಗ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 22ರಷ್ಟು ಚಳಿ. ಅದರ ಜತೆ ಬಟ್ಟೆ ತೇವವಾಗಿದ್ದರೆ ಲೆಕ್ಕವೇ ಬೇರೆ. ಮೇ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಕೂಲರ್ ಹೇಗೆ ಕೆಲಸ ಮಾಡುತ್ತದೆ ನೋಡಿ: ಒದ್ದೆ ಹುಲ್ಲು, ಅದರ ಮೂಲಕ ಫ್ಯಾನಿನ ಗಾಳಿ, ಅಷ್ಟೇ. ಬೆವರಿನಲ್ಲಿ ನೆಂದ ಕಾಟನ್ ಬನಿಯನ್ ಹಾಕಿಕೊಂಡು ಹಿಮಗಾಳಿಗೆ ನಿಂತವರ ಮೈಯೇ ಆ ಹುಲ್ಲು. ನಲವತ್ಮೂರು ಡಿಗ್ರಿಯ ಬಿಸಿಲಿನಲ್ಲಿ ಕೋಣೆ ತಣ್ಣಗಾಗುವುದಾದರೆ, ಮೈನಸ್ ಹತ್ತರಲ್ಲಿ ದೇಹ ಎಷ್ಟು ಹೊತ್ತು ತಡೆದೀತು?

ದೇಹದ ಒಳಗಿನ ಶಾಖ ಸಾಮಾನ್ಯವಾಗಿ 37 ಡಿಗ್ರಿಯ ಆಸುಪಾಸು. 35ಕ್ಕಿಂತ ಕೆಳಗಿಳಿದರೆ ಅದನ್ನೇ ಹೈಪೊಥರ್ಮಿಯಾ ಎನ್ನುವುದು. ಬರೀ ಎರಡು ಡಿಗ್ರಿ ಅಂತರ. ಮೊದಲು ಗದಗದ ನಡುಕ ಬರುತ್ತದೆ. ನಡುಕ ಇರುವ ತನಕ ದೇಹ ಹೋರಾಡುತ್ತಿದೆ ಎಂದೇ ಅರ್ಥ, ಅದಕ್ಕೆ ಹೆದರಬೇಡಿ. ಆಮೇಲೆ ಬೆರಳು ಮಾತು ಕೇಳುವುದಿಲ್ಲ. ಜಿಪ್ ಎಳೆಯಲು ಬರುವುದಿಲ್ಲ, ಗ್ಲೌಸ್ ಜಾರಿ ಬಿದ್ದರೂ ಎತ್ತಿಕೊಳ್ಳುವುದಿಲ್ಲ. ಕಾಲು ತಡವರಿಸುತ್ತದೆ, ನಾಲಿಗೆ ತೊದಲುತ್ತದೆ, ಸುಮ್ಮಸುಮ್ಮನೆ ಸಿಡುಕು. ಒಳಗಿನ ಶಾಖ 32ರ ಹತ್ತಿರ ಬಂದಾಗ ನಡುಕ ನಿಂತೇ ಹೋಗುತ್ತದೆ. ಇಲ್ಲೇ ಜೊತೆಗಾರರು ಮೋಸ ಹೋಗುವುದು. ‘ಪಾಪ, ನಡುಗುತ್ತಿದ್ದಳು, ಈಗ ಆರಾಮಾಗಿದ್ದಾಳೆ’ ಎಂದುಕೊಳ್ಳುತ್ತಾರೆ. ಕೊನೆಯ ಹಂತಕ್ಕೆ ಬಂದ ಕೆಲವರಿಗೆ ಮೈಯೆಲ್ಲ ಉರಿದಂತಾಗಿ, ಆ ಹಿಮದಲ್ಲೇ ಜಾಕೆಟ್ ಬಿಚ್ಚಿ ಎಸೆಯುತ್ತಾರೆ. ಬೆಟ್ಟದಲ್ಲಿ ಜಾಕೆಟ್ ಪಕ್ಕದಲ್ಲಿಟ್ಟು ಸತ್ತವರು ಸಿಕ್ಕಿದಾಗ ಊರಲ್ಲಿ ಏನೇನೋ ಕತೆ ಹುಟ್ಟುತ್ತವೆ. ಕಾರಣ ಇದು: ಚರ್ಮದ ರಕ್ತನಾಳಗಳನ್ನು ಅಷ್ಟು ಹೊತ್ತು ಬಿಗಿಹಿಡಿದಿದ್ದ ಶಕ್ತಿ ಸೋತು, ಒಳಗಿನ ಬಿಸಿ ರಕ್ತ ಒಮ್ಮೆಲೇ ಹೊರಮೈಗೆ ನುಗ್ಗುತ್ತದೆ.

ಮುಖ್ಯವಾದ ಸಂಗತಿ ಏನೆಂದರೆ, ಹೈಪೊಥರ್ಮಿಯಾ ಆದವರಿಗೆ ತಮಗೆ ಆಗಿದೆ ಎಂಬುದೇ ತಿಳಿಯುವುದಿಲ್ಲ. ಮೊದಲು ತಣ್ಣಗಾಗುವುದು ಬುದ್ಧಿ. ಅದಕ್ಕೇ ಇಬ್ಬಿಬ್ಬರ ಜೋಡಿ ಮಾಡಿ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಹೇಳುತ್ತೇವೆ. ನಿಮ್ಮ ಮಗಳಿಗೂ ಹೇಳಿ: ಗೆಳತಿ ಸುಮ್ಮನಾದರೆ ಮಾತಾಡಿಸು, ಮೂವತ್ತರಿಂದ ಮೂರು ಮೂರು ಕಳೆಯುತ್ತ ಹೋಗಲು ಹೇಳು. ತಪ್ಪಿದರೆ ತಕ್ಷಣ ಗೈಡನ್ನು ಕರೆ. ಆಗ ಮಾಡಬೇಕಾದ್ದು ಗಾಳಿಗೆ ಮರೆಯಾಗುವುದು, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕುವುದು, ನೆಲದ ಹಿಮ ತಾಗದಂತೆ ಕೆಳಗೆ ಮ್ಯಾಟ್ ಹಾಸುವುದು, ಎಚ್ಚರವಿದ್ದು ನುಂಗಲು ಬರುತ್ತಿದ್ದರೆ ಬಿಸಿ ಸಕ್ಕರೆ ನೀರು ಕುಡಿಸುವುದು. ರಮ್ ಕೊಟ್ಟರೆ ಬೆಚ್ಚಗಾಗುತ್ತದೆ ಎಂಬುದು ದೊಡ್ಡ ಸುಳ್ಳು; ಮದ್ಯ ಚರ್ಮದ ರಕ್ತನಾಳ ತೆರೆದು ಉಳಿದ ಶಾಖವನ್ನೂ ಹೊರಗೆ ಹಾಕುತ್ತದೆ. ಕೈಕಾಲು ತಿಕ್ಕುವುದೂ ಬೇಡ. ಬೆರಳು ಬಿಳಿಚಿ ಮರದ ಕೊರಡಿನಂತೆ ಗಟ್ಟಿಯಾಗಿದ್ದರೆ ಅದು ಫ್ರಾಸ್ಟ್‌ಬೈಟ್, ತಿಕ್ಕಿದರೆ ಒಳಗಿನ ಮಾಂಸ ಹರಿಯುತ್ತದೆ. ಅದನ್ನು 37ರಿಂದ 39 ಡಿಗ್ರಿಯ ಬೆಚ್ಚನೆ ನೀರಲ್ಲಿ ಇಳಿಬಿಟ್ಟು ಕರಗಿಸಬೇಕು, ಅದೂ ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗಕ್ಕೆ ಬಂದ ಮೇಲೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಉಳಿಯುವುದು ಕಷ್ಟ. ಇನ್ನೊಂದು ಮಾತು. ತೀರಾ ತಣ್ಣಗಾದವರ ನಾಡಿ ಸಿಗದಿದ್ದರೂ ಸತ್ತರೆಂದು ಕೈಬಿಡಬಾರದು. 1999ರಲ್ಲಿ ನಾರ್ವೆಯಲ್ಲಿ ಮಂಜುಗಡ್ಡೆಯ ಕೆಳಗಿನ ನೀರಿಗೆ ಸಿಕ್ಕಿಕೊಂಡ ವೈದ್ಯೆಯೊಬ್ಬರ ದೇಹದ ಶಾಖ 13.7 ಡಿಗ್ರಿಗೆ ಇಳಿದಿತ್ತು. ಅವರು ಬದುಕಿದರು.

ಬಟ್ಟೆಯ ಬಗ್ಗೆ ಎರಡು ಮಾತು ಸಾಕು. ಒಳಗೆ ಕಾಟನ್ ಬೇಡವೇ ಬೇಡ, ಜೀನ್ಸ್ ಅಂತೂ ಮುಟ್ಟಬಾರದು. ಮೈಗೆ ತಾಗುವುದು ಸಿಂಥೆಟಿಕ್ ಇಲ್ಲವೇ ಉಣ್ಣೆ, ಅದರ ಮೇಲೆ ಫ್ಲೀಸ್, ಮೇಲೊಂದು ಹಕ್ಕಿಯ ಪುಕ್ಕ ತುಂಬಿದ ದಪ್ಪ ಡೌನ್ ಜಾಕೆಟ್, ಎಲ್ಲಕ್ಕೂ ಹೊರಗೆ ಗಾಳಿ-ನೀರು ತಡೆಯುವ ತೆಳ್ಳನೆ ಜಾಕೆಟ್. ಉಣ್ಣೆ ಒದ್ದೆಯಾದರೂ ಪೂರ್ತಿ ಕೈಕೊಡುವುದಿಲ್ಲ. ಇದನ್ನು ನಮ್ಮ ಕಡೆಯ ಕುರಿ ಕಾಯುವವರಿಗೆ ಯಾರೂ ಕಲಿಸಬೇಕಿಲ್ಲ, ಡೆಕ್ಕನಿ ಕುರಿಯ ಕಂಬಳಿಯನ್ನು ಕೊಪ್ಪೆ ಮಾಡಿಕೊಂಡು ಅವರು ಮಳೆಯಲ್ಲೇ ನಿಂತಿರುತ್ತಾರೆ. ಮತ್ತೆ, ಹತ್ತುವಾಗ ಬೆವರು ಬರುವಷ್ಟು ಹಾಕಿಕೊಳ್ಳಬಾರದು. ಶುರುವಿನಲ್ಲಿ ಸ್ವಲ್ಪ ಚಳಿ ಅನಿಸಿದರೇ ಸರಿ. ಹೊಸಬರು ಎಲ್ಲವನ್ನೂ ಒಂದರ ಮೇಲೊಂದು ತೊಟ್ಟು ಹೊರಟು, ಒಂದು ತಾಸಿನಲ್ಲಿ ಒಳಗೆ ತೊಪ್ಪೆಯಾಗಿರುತ್ತಾರೆ.

ಈಗ ಹಿಮಗಾಳಿ ಎಲ್ಲಿಂದ ಬರುತ್ತದೆ ಎಂಬ ಮಾತಿಗೆ ಬರೋಣ. ನಿಮ್ಮ ಪ್ರಶ್ನೆಗೆ ಸಮಾಧಾನ ಇರುವುದೂ ಇಲ್ಲಿಯೇ.

ಚಳಿಗಾಲದಲ್ಲಿ ಹಿಮಾಲಯಕ್ಕೆ ಹಿಮ ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಗಾಳಿಯ ಸುಳಿಗಳು. ಹವಾಮಾನ ಇಲಾಖೆ ಇದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತದೆ. ಚಳಿಗಾಲದ ತಿಂಗಳಿಗೆ ನಾಲ್ಕೈದು ಬರುತ್ತವೆ. ಕೆಲವು ನಾಲ್ಕು ಹನಿ ಉದುರಿಸಿ ಹೋಗುತ್ತವೆ, ಕೆಲವು ಎರಡು ಮೂರು ದಿನ ಬೆಟ್ಟವನ್ನೇ ಮುಚ್ಚಿಬಿಡುತ್ತವೆ. ಇವು ಇರಾನ್, ಅಫ್ಗಾನಿಸ್ತಾನ, ಪಾಕಿಸ್ತಾನ ದಾಟಿ ಬರುವುದರಿಂದ ಉಪಗ್ರಹ ಚಿತ್ರದಲ್ಲಿ ಮೂರು ನಾಲ್ಕು ದಿನ ಮುಂಚೆಯೇ ಕಾಣುತ್ತವೆ. ಡೆಹ್ರಾಡೂನ್‌ನ ಹವಾಮಾನ ಕೇಂದ್ರ ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ, ಇಷ್ಟು ಮೀಟರ್‌ಗಿಂತ ಮೇಲೆ ಹಿಮ ಬೀಳುತ್ತದೆ ಎಂದೂ ಹೇಳುತ್ತದೆ. ಕೇದಾರಕಂಠ ಇರುವುದು ಉತ್ತರಕಾಶಿ ಜಿಲ್ಲೆಯಲ್ಲಿ, ಅದನ್ನು ನೋಡಿ. ಹಿಮಕುಸಿತದ ಎಚ್ಚರಿಕೆಯನ್ನು ರಕ್ಷಣಾ ಇಲಾಖೆಯ ಚಂಡೀಗಡದ ಸಂಸ್ಥೆ, ಡಿಜಿಆರ್‌ಇ, ಕೊಡುತ್ತದೆ.

ಬೇರೆ ಋತುವಿನಲ್ಲೂ ಹೀಗೆಯೇ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ್ದು ನಿಮಗೆ ನೆನಪಿರಬಹುದು. ಅದರ ಉಳಿಕೆ ಉತ್ತರಕ್ಕೆ ಸರಿದು, ಎರಡೇ ದಿನದಲ್ಲಿ ನೇಪಾಳದ ಅನ್ನಪೂರ್ಣ ಭಾಗದಲ್ಲಿ ಹಿಮವಾಗಿ ಸುರಿಯಿತು. 5,416 ಮೀಟರ್‌ನ ಥೊರೊಂಗ್ ಕಣಿವೆ ದಾಟುತ್ತಿದ್ದ ಚಾರಣಿಗರು ಸಿಕ್ಕಿಕೊಂಡರು. ಆ ಭಾಗದಲ್ಲೆಲ್ಲ ಸೇರಿ 43 ಜನ ಸತ್ತರು. ಆಂಧ್ರದ ಕರಾವಳಿ ಕಂಡ ಚಂಡಮಾರುತವನ್ನು ಲೋಕವೆಲ್ಲ ಟಿವಿಯಲ್ಲಿ ನೋಡಿತ್ತು. ಆದರೂ ಬಹಳ ಜನ ಆ ಬೆಳಗ್ಗೆ ಹತ್ತಲು ಹೊರಟಿದ್ದರು.

ಯಾಕೆ ಹೊರಟರು? ಈ ಪ್ರಶ್ನೆಯೇ ನನಗೆ ಮುಖ್ಯ. ಇಷ್ಟು ವರ್ಷ ಬೆಟ್ಟ ಹತ್ತಿ, ಹತ್ತಿಸಿ ನನಗೆ ಅನಿಸಿದ್ದು ಒಂದೇ. ಹಿಮಗಾಳಿಗೆ ಸಿಕ್ಕವರಲ್ಲಿ ಬಹಳ ಜನರಿಗೆ ಸುದ್ದಿ ಮೊದಲೇ ಇರುತ್ತದೆ. ಆದರೆ ಅವರ ಬಳಿ ಬಿಡುವಿನ ದಿನ ಇರುವುದಿಲ್ಲ. ಇವತ್ತು ಹತ್ತದಿದ್ದರೆ ನಾಳೆ ಇಲ್ಲ, ನಾಡಿದ್ದು ಬಸ್ಸು, ಆಚೆ ನಾಡಿದ್ದು ರೈಲು, ಸೋಮವಾರ ಡ್ಯೂಟಿ. ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ. ಮತ್ತೆ ಇಷ್ಟು ದೂರ ಯಾವಾಗ ಬರುತ್ತೇವೋ ಎಂಬ ಆಸೆ. ಡೆಹ್ರಾಡೂನಿನ ಹುಡುಗ ಮೋಡ ನೋಡಿ ಮನೆಗೆ ಹೋಗುತ್ತಾನೆ, ಮುಂದಿನ ಶನಿವಾರ ಬರುತ್ತಾನೆ. ಕಲಬುರಗಿಯ ಹುಡುಗಿ ಹಾಗೆ ಮಾಡಲಾರಳು. ಎಷ್ಟು ದೂರದಿಂದ ಬಂದಿದ್ದೇವೋ ಅಷ್ಟು ತಿರುಗಿ ಹೋಗುವುದು ಕಷ್ಟ. ಎವರೆಸ್ಟ್ ಮೇಲೆ 1996ರ ಮೇ 10ರಂದು ನಡೆದದ್ದೂ ಇದೇ ಜಾತಿಯದು. ಎಲ್ಲಿದ್ದರೂ ಮಧ್ಯಾಹ್ನ ಇಂಥ ಹೊತ್ತಿಗೆ ಹಿಂದಿರುಗಬೇಕೆಂಬ ಮಾತಿತ್ತು. ಆ ಹೊತ್ತು ಮೀರಿಯೂ ಜನ ತುದಿಯತ್ತ ನಡೆದರು, ಇಳಿಯುವಾಗ ಬಿರುಗಾಳಿ ಎದುರಾಯಿತು, 8 ಜನ ಸತ್ತರು.

ನಿಮ್ಮ ಮಗಳ ಹತ್ತು ದಿನವನ್ನು ಬಿಡಿಸಿ ನೋಡೋಣ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಒಂದು ದಿನಕ್ಕೂ ಮಿಕ್ಕಿ. ಎರಡನೇ ದಿನ ರಾತ್ರಿ ಡೆಹ್ರಾಡೂನ್. ಮೂರನೇ ದಿನ ಇಡೀ ಜೀಪಿನಲ್ಲಿ ಕೂತು ಸಾಂಕ್ರಿ. ನಾಲ್ಕನೇ ದಿನ ಜುಡಾ ಕಾ ತಾಲಾಬ್ ಹತ್ತಿರದ ಕ್ಯಾಂಪು, ಐದನೇ ದಿನ ಬೇಸ್ ಕ್ಯಾಂಪು, ಆರನೇ ದಿನ ನಸುಕಿನಲ್ಲೇ ಎದ್ದು ತುದಿ, ಏಳನೇ ದಿನ ವಾಪಸ್ ಸಾಂಕ್ರಿ, ಎಂಟು ಡೆಹ್ರಾಡೂನ್, ಒಂಬತ್ತು ದೆಹಲಿ, ಹತ್ತು ರೈಲಿನಲ್ಲಿ. ಇದರಲ್ಲಿ ಖಾಲಿ ದಿನ ಎಲ್ಲಿದೆ? ಐದನೇ ದಿನ ಸಂಜೆ ಕಿತ್ತಳೆ ಎಚ್ಚರಿಕೆ ಬಂದರೆ ಆಕೆಗಿರುವುದು ಎರಡೇ ದಾರಿ: ತುದಿ ಬಿಡುವುದು, ಇಲ್ಲವೇ ಗಾಳಿಯಲ್ಲೇ ಹತ್ತುವುದು. ಹದಿನೈದು ಜನರ ಗುಂಪಿನಲ್ಲಿ ಹದಿನಾಲ್ಕು ಜನ ‘ನೋಡೋಣ ನಡೀರಿ’ ಅಂದಾಗ ಒಬ್ಬಳು ಬೇಡ ಅನ್ನುವುದು ಸುಲಭವಲ್ಲ.

ಅದಕ್ಕೇ ಹೇಳಿದ್ದು, ಟಿಕೆಟ್ ಬದಲಾಯಿಸಿ ಎಂದು. ಎರಡು ದಿನ ಹೆಚ್ಚು ರಜೆ ಕೇಳಲಿ. ಬ್ಯಾಂಕಿನಲ್ಲಿ ಜನವರಿಯಲ್ಲಿ ರಜೆ ಸಿಗದಿದ್ದರೆ, ಹೋಗುವಾಗಲಾದರೂ ಹೈದರಾಬಾದ್‌ನಿಂದ ವಿಮಾನದಲ್ಲಿ ಹೋಗಲಿ, ಒಂದು ದಿನ ಉಳಿಯುತ್ತದೆ. ಎರಡು ದಿನ ಸಿಕ್ಕರೆ ಒಂದನ್ನು ಸಾಂಕ್ರಿಯಲ್ಲೇ ಸುಮ್ಮನೆ ಕಳೆಯಬೇಕು. ಎತ್ತರಕ್ಕೆ ಮೈ ಒಗ್ಗಲು ಅದು ಬೇಕೇ ಬೇಕು. ಇನ್ನೊಂದು ಮೋಡಕ್ಕೆ ಮೀಸಲು. ಮೋಡ ಬರಲಿಲ್ಲವೆಂದರೆ ದೆಹಲಿಯಲ್ಲಿ ಶಾಪಿಂಗ್ ಮಾಡಿಕೊಂಡು ಬರಲಿ, ಯಾರು ಬೇಡ ಅಂದರು?

ಎತ್ತರಕ್ಕೆ ಒಗ್ಗುವುದು ಅಂದೆ. 3,800 ಮೀಟರ್‌ನಲ್ಲಿ ಸಮುದ್ರಮಟ್ಟದ ಆಮ್ಲಜನಕದ ಮೂರರಲ್ಲಿ ಎರಡು ಪಾಲೂ ಸಿಗುವುದಿಲ್ಲ. 2,500 ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ ಬರಬಹುದು. ದಿನಾ ಓಡುವವರಿಗೂ ಬರುತ್ತದೆ, ಮೈಕಟ್ಟಿಗೂ ಇದಕ್ಕೂ ಸಂಬಂಧ ಕಡಿಮೆ. 3,000 ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಲೆಕ್ಕ. ಕೇದಾರಕಂಠದಲ್ಲಿ 1,950ರಿಂದ 2,770ಕ್ಕೆ, ಅಲ್ಲಿಂದ 3,430ರ ಆಸುಪಾಸಿಗೆ ಎರಡೇ ಹೆಜ್ಜೆಯಲ್ಲಿ ಒಯ್ಯುತ್ತಾರೆ. ಬಹುಪಾಲು ಜನರಿಗೆ ನಡೆದುಹೋಗುತ್ತದೆ, ಒಂದೇ ರಾತ್ರಿ ಅಲ್ಲವೇ. ಆದರೆ ಒಬ್ಬರಿಗೆ ತಲೆನೋವು ಜೋರಾಗಿ, ನಡೆಯುವಾಗ ತೂರಾಡಿ, ಕೂತಲ್ಲೇ ಏದುಸಿರು ಬಂತೆನ್ನಿ. ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬುತ್ತಿದೆ ಎಂದರ್ಥ, ಅದಕ್ಕೆ ಖಾತ್ರಿ ಮದ್ದು ಕೆಳಗಿಳಿಸುವುದೊಂದೇ. ಹಿಮಗಾಳಿ ಆ ದಾರಿಯನ್ನೇ ಮುಚ್ಚುತ್ತದೆ. ನಾನು ಹಿಮಗಾಳಿಗೆ ಹೆದರುವುದು ಅದು ತರುವ ಚಳಿಗಿಂತ ಹೆಚ್ಚಾಗಿ ಇದಕ್ಕೆ. ಕಾಲು ಉಳುಕಿದರೂ, ಹೊಟ್ಟೆ ಕೆಟ್ಟರೂ, ಎದೆ ನೋವು ಬಂದರೂ ಗಾಳಿ ನಿಲ್ಲುವ ತನಕ ಇದ್ದಲ್ಲೇ ಇರಬೇಕು.

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿಯೇ ನಿರ್ಧರಿಸಿ. ಸಲ್ಫಾ ಔಷಧಿ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಹೋಗುವ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚು, ಎತ್ತರದಲ್ಲಿ ಅದು ಕಾಡುತ್ತದೆ. ತಂದೆಯಾದವರು ಹೇಳಲು ಸಂಕೋಚಪಡುವ ಇನ್ನೊಂದು ಮಾತಿದೆ, ಮನೆಯವರ ಕಡೆಯಿಂದ ಹೇಳಿಸಿ. ರಾತ್ರಿ ಆ ಚಳಿಯಲ್ಲಿ ಟಾಯ್ಲೆಟ್ ಟೆಂಟಿಗೆ ಹೋಗಬೇಕಲ್ಲ ಎಂದು ಹುಡುಗಿಯರು ಸಂಜೆಯಿಂದ ನೀರೇ ಕುಡಿಯುವುದಿಲ್ಲ. ನೀರು ಕಡಿಮೆಯಾದರೆ ರಕ್ತ ದಪ್ಪವಾಗುತ್ತದೆ, ಬೆರಳ ತುದಿಗೆ ಬಿಸಿ ತಲುಪುವುದಿಲ್ಲ, ತಲೆನೋವು ಏರುತ್ತದೆ. ದಿನಕ್ಕೆ ಮೂರು ಲೀಟರ್ ಆದರೂ ಬೇಕು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಆಕ್ಸಿಮೀಟರ್ ಅನ್ನು ಕ್ಯಾಂಪಿನಲ್ಲಿ ದಿನಾ ಬಳಸುತ್ತಾರೆ. ತಣ್ಣಗಿನ ಬೆರಳಲ್ಲಿ ಅದು ತಪ್ಪು ಅಂಕಿ ತೋರಿಸುತ್ತದೆ, ಕೈ ಬೆಚ್ಚಗೆ ಮಾಡಿಕೊಂಡು ನೋಡಲಿ. ಅಂಕಿ ಚೆನ್ನಾಗಿದೆ ಎಂದು ತಲೆನೋವನ್ನು ಮುಚ್ಚಿಡುವುದು ಬೇಡ.

ಹಿಮಕುಸಿತದ ವಿಷಯ ಕೇಳಿದರೆ ನಮ್ಮವರಿಗೆ ತಕ್ಷಣ ನೆನಪಾಗುವುದು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿ, ಆರು ದಿನದ ಮೇಲೆ ಜೀವಂತ ಸಿಕ್ಕರು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಷ್ಟು ದಿನ ಬದುಕಿದ್ದು ಅಪರೂಪದಲ್ಲಿ ಅಪರೂಪ. ಹಿಮದಡಿ ಹೂತವರಿಗೆ ಸಾಮಾನ್ಯವಾಗಿ ಇರುವುದು ಮೊದಲ ಹತ್ತು ಹದಿನೈದು ನಿಮಿಷ, ಆಮೇಲೆ ಉಸಿರುಗಟ್ಟುತ್ತದೆ. ಪಕ್ಕದಲ್ಲಿರುವವರೇ ಅಗೆದು ತೆಗೆಯಬೇಕು, ಕೆಳಗಿನಿಂದ ಬರುವವರು ಹೆಣ ತೆಗೆಯುತ್ತಾರೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಜೋರು ಹಿಮ ಬಿದ್ದ ಮೊದಲ ಒಂದೆರಡು ದಿನದಲ್ಲಿ. ಆದ್ದರಿಂದ ಗಾಳಿ ನಿಂತು, ಸೂರ್ಯ ಹೊಳೆದು, ಎಲ್ಲರೂ ಖುಷಿಯಾಗಿ ‘ನಡೀರಿ’ ಅನ್ನುವ ಬೆಳಗು ಬಹಳ ಅಪಾಯದ್ದು. ಕೇದಾರಕಂಠದ ನಿತ್ಯದ ದಾರಿ ಬಹುಪಾಲು ಕಾಡು ಮತ್ತು ಏಣಿನ, ಅಂದರೆ ಬೆಟ್ಟದ ಬೆನ್ನಿನ, ಮೇಲೆ ಹೋಗುವುದರಿಂದ ಈ ಭಯ ಕೆಲವು ಬೇರೆ ದಾರಿಗಳಿಗಿಂತ ಕಡಿಮೆ. ಹೊಸ ಹಿಮದ ಮೇಲೆ ಶಾರ್ಟ್‌ಕಟ್ ಹಿಡಿದು ಪಕ್ಕದ ಇಳಿಜಾರಿಗೆ ಇಳಿದರೆ ಆ ಮಾತು ನಿಲ್ಲುವುದಿಲ್ಲ.

ಆಕಾಶ ನೆಲ ಒಂದೇ ಬಿಳಿಯಾಗಿ ಏನೂ ಕಾಣದಾದಾಗ ಓಡಬಾರದು, ಗುಂಪು ಒಡೆಯಬಾರದು. ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಗುಂಪಿನ ವೇಗ. ಏಣಿನ ತುದಿ ಬಿಟ್ಟು ಗಾಳಿಗೆ ಮರೆಯಾದ ಕಡೆ ಇಳಿದು, ಬ್ಯಾಗಿನ ಮೇಲೆ ಒತ್ತೊತ್ತಾಗಿ ಕೂತು, ಸಿಹಿ ಏನಾದರೂ ತಿನ್ನುತ್ತಿರಬೇಕು. ತಿನ್ನಲು ನಮ್ಮ ಶೇಂಗಾ ಉಂಡಿ, ಅಂಟಿನ ಉಂಡಿಗಿಂತ ಒಳ್ಳೆಯದನ್ನು ಯಾವ ಅಂಗಡಿಯೂ ಮಾರುವುದಿಲ್ಲ: ಬೆಲ್ಲದ ಸಕ್ಕರೆ ಬೇಗ ಹತ್ತುತ್ತದೆ, ಕೊಬ್ಬು ಬಹಳ ಹೊತ್ತು ಉರಿಯುತ್ತದೆ. ಬ್ಯಾಗಿನಲ್ಲಿಟ್ಟರೆ ಕಲ್ಲಾಗುತ್ತದೆ, ಒಳ ಜೇಬಿನಲ್ಲಿ ಇಟ್ಟುಕೊಳ್ಳಲಿ. (ಕಡಕ್ ರೊಟ್ಟಿ ಕಟ್ಟಿಕೊಡಬೇಡಿ. ಸಾಂಕ್ರಿ ತಲುಪುವ ಹೊತ್ತಿಗೆ ಹಿಟ್ಟಾಗಿರುತ್ತದೆ.)

ಟೆಂಟಿನೊಳಗೂ ಒಂದು ಸಾವಿದೆ, ಜನ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಳಿ ತಾಳದೆ ಒಳಗೆ ಸ್ಟವ್ ಹಚ್ಚುವುದು, ಕೆಂಡ ಇಟ್ಟುಕೊಳ್ಳುವುದು. ಹೊರಗೆ ಹಿಮ ಬಿದ್ದು ಗಾಳಿಕಿಂಡಿ ಮುಚ್ಚಿರುತ್ತದೆ, ಒಳಗೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. ವಾಹನದಲ್ಲೂ ಹೀಗೆಯೇ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮದ ರಸ್ತೆಯಲ್ಲಿ ಹಿಮ ನೋಡಲು ಹೋದ ಕುಟುಂಬಗಳ ಕಾರುಗಳು ಹೂತುಹೋಗಿ 20ಕ್ಕೂ ಹೆಚ್ಚು ಜನ ಸತ್ತರು. ಅವರ್‍ಯಾರೂ ಬೆಟ್ಟ ಹತ್ತಲು ಹೋದವರಲ್ಲ. ಸಾಂಕ್ರಿಯ ದಾರಿಯಲ್ಲಿ ಜೀಪು ಹಿಮದಲ್ಲಿ ಸಿಕ್ಕಿಕೊಂಡರೆ ಇಂಜಿನ್ ಚಾಲೂ ಇಟ್ಟು ಗಾಜು ಏರಿಸಿ ಮಲಗಬಾರದು, ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆದು, ಒಂದು ಕಿಟಕಿ ಬೆರಳಷ್ಟು ಇಳಿಸಿಡಬೇಕು.

ಟ್ರೆಕ್ ಕಂಪನಿಗೆ ನೀವೇ ಫೋನ್ ಮಾಡಿ. ‘ಸೇಫ್ ಇದೆಯಾ’ ಎಂದು ಕೇಳಬೇಡಿ, ಹೌದು ಅನ್ನುತ್ತಾರೆ. ತುದಿಯ ದಿನ ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೀರಿ ಎಂದು ಕೇಳಿ. ಗಡಿಯಾರದ ಹೊತ್ತು ಹೇಳಿದರೆ ಒಳ್ಳೆಯದು. ‘ಅಲ್ಲಿಯ ಪರಿಸ್ಥಿತಿ ನೋಡಿಕೊಂಡು’ ಅಂದರೆ ಬೇರೆ ಕಂಪನಿ ನೋಡಿ. ಹವಾಮಾನದಿಂದ ರದ್ದಾದರೆ ದುಡ್ಡೋ ಬೇರೆ ದಿನಾಂಕವೋ ಕೊಡುತ್ತಾರಾ? ಇದು ಜಿಪುಣತನದ ಪ್ರಶ್ನೆಯಲ್ಲ. ದುಡ್ಡು ಹೋಗುವುದಿಲ್ಲ ಎಂದು ಗೊತ್ತಿದ್ದರೆ ಹಿಂದಿರುಗಲು ಮನಸ್ಸು ಬರುತ್ತದೆ. ಒಬ್ಬ ಗೈಡಿಗೆ ಎಷ್ಟು ಜನ, ಗುಂಪಿನ ಕೊನೆಯಲ್ಲಿ ಯಾರು ನಡೆಯುತ್ತಾರೆ, ಒಬ್ಬರಿಗೆ ಹುಷಾರಿಲ್ಲದೆ ಇಳಿಸಬೇಕಾದರೆ ಜತೆಗೆ ಹೋಗಲು ಇನ್ನೊಬ್ಬ ಗೈಡ್ ಇದ್ದಾನಾ, ಗೈಡ್ ಎಲ್ಲಿ ಕಲಿತವನು? ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್, ಮನಾಲಿಯ ಸಂಸ್ಥೆ, ಇಂಥ ಕಡೆ ತರಬೇತಿ ಆದವರಿದ್ದರೆ ನಿಮಗೆ ಅರ್ಧ ನಿದ್ದೆ ಬಂದಂತೆ. ವಿಮೆ ಮಾಡಿಸುವಾಗ ಎತ್ತರದ ಚಾರಣ ಸೇರಿದೆಯೇ ಎಂದು ಓದಿ ನೋಡಿ, ಸಾಮಾನ್ಯ ಪಾಲಿಸಿಗಳು ಸಾಹಸ ಚಟುವಟಿಕೆಯನ್ನು ಬಿಟ್ಟಿರುತ್ತವೆ.

ತಯಾರಿಗೆ ಇನ್ನೂ ಸಮಯವಿದೆ ಎಂದುಕೊಂಡಿದ್ದೇನೆ. ನಮ್ಮದು ಬಯಲು ಸೀಮೆ, ಅಪ್ಪನ ಕೆರೆಯ ಸುತ್ತ ಎಷ್ಟು ಸುತ್ತು ಹಾಕಿದರೂ ಏರುವ ಸ್ನಾಯು ಬರುವುದಿಲ್ಲ. ಮೆಟ್ಟಿಲು ಬೇಕು. ಬೆನ್ನಿಗೆ ಏಳೆಂಟು ಕಿಲೋ ಹೊತ್ತು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯಲಿ. ಭಾನುವಾರ ಯಾದಗಿರಿ ಕೋಟೆಯ ಬೆಟ್ಟಕ್ಕೋ ಚಿಂಚೋಳಿಯ ಕಾಡಿನ ಕಡೆಗೋ ಹೋಗಿಬರಲಿ, ಗೆಳತಿಯರೂ ಬರಲಿ. ಜತೆಯಲ್ಲಿ ದಣಿದಾಗ ಯಾರು ಹೇಗೆ ಎಂದು ಊರಲ್ಲೇ ತಿಳಿಯುತ್ತದೆ. ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಬೇಕು. ಮೊಣಕಾಲು ಸೋಲುವುದು ಇಳಿಯುವಾಗ, ಜಾರಿ ಬೀಳುವುದೂ ಆಗಲೇ. ಹೊಸ ಬೂಟನ್ನು ಇಲ್ಲೇ ಒಂದು ತಿಂಗಳು ಹಾಕಿ ಸವೆಸಲಿ.

ಕೊನೆಯದಾಗಿ ನಿಮ್ಮ ನಿದ್ದೆಯ ಮಾತು. ಸಾಂಕ್ರಿಯಿಂದ ಮೇಲೆ ಹೋದ ಮೇಲೆ ಫೋನ್ ಸಿಗುತ್ತದೆಂದು ನಂಬಿಕೊಳ್ಳಬೇಡಿ. ಸಿಗ್ನಲ್ ಇದ್ದರೂ ಚಳಿಗೆ ಬ್ಯಾಟರಿ ಸಾಯುತ್ತದೆ. ಸ್ಯಾಟಲೈಟ್ ಫೋನನ್ನು ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ಆನ್‌ಲೈನ್‌ನಲ್ಲಿ ಯಾರೋ ಹೇಳಿದರೆಂದು ತರಿಸಿ ಕೊಡಬೇಡಿ. ಮೂರು ದಿನ ಕರೆ ಬರದಿದ್ದರೆ ಗಾಬರಿ ಬೇಡ. ಹೊರಡುವ ಮುಂಚೆ ಮೂರು ವಿಷಯ ಬರೆಸಿಟ್ಟುಕೊಳ್ಳಿ: ಕಂಪನಿಯ ಸಾಂಕ್ರಿ ಕಚೇರಿಯ ನಂಬರು, ಗೈಡಿನ ಹೆಸರು, ಕೆಳಗಿಳಿಯುವ ದಿನ ಮತ್ತು ಹೊತ್ತು. ಆ ದಿನ ರಾತ್ರಿ ಎಂಟರ ತನಕ ಕರೆ ಬರಲಿಲ್ಲವೆಂದರೆ ಸಾಂಕ್ರಿಗೆ ಫೋನ್ ಮಾಡಿ. ಅವರಿಗೂ ಸುದ್ದಿಯಿಲ್ಲ, ಹಿಮಗಾಳಿ ಎದ್ದಿದೆ ಅಂದರೆ ಬೆಳಗಾಗಲೆಂದು ಕಾಯಬೇಡಿ, ಉತ್ತರಕಾಶಿ ಜಿಲ್ಲಾಡಳಿತದ ವಿಪತ್ತು ನಿಯಂತ್ರಣ ಕೊಠಡಿಗೆ ತಿಳಿಸಿ. ಅದರ ನಂಬರನ್ನೂ ಈಗಲೇ ಹುಡುಕಿ ಗೋಡೆಗೆ ಅಂಟಿಸಿಡಿ. 112ಕ್ಕೆ ಇಲ್ಲಿಂದ ಕರೆ ಮಾಡಿದರೆ ಅದು ಕರ್ನಾಟಕದಲ್ಲೇ ಹತ್ತುತ್ತದೆ, ಅಲ್ಲಿಂದ ಉತ್ತರಾಖಂಡಕ್ಕೆ ದಾಟಿಸುವಷ್ಟರಲ್ಲಿ ಹೊತ್ತು ಹೋಗುತ್ತದೆ.